ತ್ಯಾಗಲಿಯ ಜಾಯಿಂಟು

ಜಾಯಿಂಟರಣ್ಣನ ಮೇಲಿನ ಮುಂಬಲ್ಲಿನ ಅಂಚಿನಲ್ಲಿ ಭತ್ತದ ಕಾಳು ಕೂರುವಷ್ಟು ಒಂದು ಕಚ್ಚು ಇತ್ತು. ಬಿದ್ದು ಮುರಿದದ್ದಲ್ಲ, ಹುಟ್ಟಿನಿಂದ ಬಂದದ್ದೂ ಅಲ್ಲ. ತಂತಿ ಸವೆಸಿದ್ದು. ದೂರವಾಣಿ ಕೇಬಲ್ಲಿನ ಒಳಗೆ ಸಪೂರ ತಂತಿಗಳಿರುತ್ತವೆ, ಪ್ರತಿಯೊಂದಕ್ಕೂ ಬಣ್ಣದ ಪ್ಲಾಸ್ಟಿಕ್ ಹೊದಿಕೆ. ಅದನ್ನು ಸುಲಿದು ತಾಮ್ರಕ್ಕೆ ತಾಮ್ರ ಸುತ್ತಬೇಕು. ಸುಲಿಯಲಿಕ್ಕೆಂದು ಇಲಾಖೆ ಇಕ್ಕಳ ಕೊಟ್ಟಿತ್ತು. ಅದು ಅವರ ಚೀಲದ ತಳದಲ್ಲಿ, ಕೊಟ್ಟ ದಿನದ ಎಣ್ಣೆಕಾಗದದ ಸಮೇತ, ನಿವೃತ್ತಿಯವರೆಗೂ ಸುಖವಾಗಿ ಮಲಗಿತ್ತು. ಅವರು ತಂತಿಯನ್ನು ಹಲ್ಲಿನ ಕಚ್ಚಿಗೆ ಕೊಟ್ಟು, ತಲೆಯನ್ನು ಸ್ವಲ್ಪ ಓರೆ ಮಾಡಿ ಎಳೆಯುತ್ತಿದ್ದರು. 'ಟಿಕ್' ಅಂತ ಒಂದು ಸಣ್ಣ ಸದ್ದು. ಹೊದಿಕೆ ತುಟಿಯ ಮೇಲೆ, ಹೊಳೆಯುವ ತಾಮ್ರ ಕೈಯಲ್ಲಿ. ಸಂಜೆಯ ಹೊತ್ತಿಗೆ ಅವರು ಉಗುಳಿದ ಬಣ್ಣದ ಚೂರುಗಳು ಕೇಬಲ್ಲಿಗೆಂದು ಅಗೆದ ಗುಂಡಿಯ ಸುತ್ತ ರಂಗೋಲಿ ಪುಡಿ ಚೆಲ್ಲಿದ ಹಾಗೆ ಬಿದ್ದಿರುತ್ತಿದ್ದವಂತೆ. 'ಅಂತೆ' ಎನ್ನುವುದು ಯಾಕೆಂದರೆ, ನನ್ನ ಕಣ್ಣಿಗೆ ಆ ಬಣ್ಣಗಳೆಲ್ಲ ಬೇರೆ ಬೇರೆಯಾಗಿ ಕಾಣುವುದಿಲ್ಲ. ಈ ಬರಹದ ತಾಪತ್ರಯ ಶುರುವಾಗುವುದೂ ಅಲ್ಲಿಂದಲೇ.

ಅವರು ಹುಲಗೋಳದವರು. ಮನೆಯಲ್ಲಿ ಗದ್ದೆ ಇತ್ತು, ಅಣ್ಣಂದಿರು ನೋಡಿಕೊಳ್ಳುತ್ತಿದ್ದರು. ಇವರೊಬ್ಬರು ಮಣ್ಣನ್ನು ಬೇರೆ ಕಾರಣಕ್ಕೆ ಅಗೆದರು. ನೆಲದಡಿಯ ಕೇಬಲ್ಲು ತುಂಡಾದಲ್ಲಿ ಅದನ್ನು ಮತ್ತೆ ಕೂಡಿಸುವುದು ಅವರ ನೌಕರಿ. ಕಚೇರಿಯ ಹಾಜರಿಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು, ಊರಲ್ಲಿ ಅದನ್ನು ಯಾರೂ ಬಳಸಿದ್ದನ್ನು ನಾನು ಕೇಳಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಫೋನಿದ್ದ ಮನೆಯವರಿಗೆಲ್ಲ ಅವರು ಜಾಯಿಂಟರಣ್ಣ. ಕೂಡಿಸುವವನು ಎಂಬುದಕ್ಕೆ ಇಲಾಖೆಯಲ್ಲಿದ್ದ ಮಾತಿಗೆ ಜನ ಅಣ್ಣನನ್ನು ಅಂಟಿಸಿದ್ದರು.

ಕೆಲಸದಲ್ಲಿ ಅವರ ಕಟ್ಟುಪಾಡುಗಳು ದೇವಸ್ಥಾನದ ಭಟ್ಟರಿಗಿಂತ ಹೆಚ್ಚು. ಕೇಬಲ್ ಬಿಚ್ಚುವ ಮುಂಚೆ ಕೈ ತೊಳೆಯಬೇಕು. ಗುಂಡಿಯ ಹತ್ತಿರ ಯಾರೂ ದೊಡ್ಡ ದನಿಯಲ್ಲಿ ಮಾತಾಡಬಾರದು. ಯಾಕೆ ಎಂದು ಕೇಳಿದರೆ, "ಒಳಗೆ ಜನ ಮಾತಾಡ್ತಾ ಇರ್ತಾರೆ ಮಾರಾಯ, ಅವರಿಗೆ ತ್ರಾಸಾಗ್ತದೆ" ಎನ್ನುವರು. ತಮಾಷೆಯೋ ನಿಜವೋ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ಪದ್ಧತಿ ಚೀಟಿಯದು. ಎಲ್ಲ ತಂತಿ ಕೂಡಿಸಿ, ಮೇಲೊಂದು ರಬ್ಬರಿನ ತೋಳು ತೊಡಿಸಿ, ಬೆಂಕಿ ತೋರಿಸಿ ಬಿಗಿಮಾಡುವ ಮುಂಚೆ, ಕೂಡಿಸಿದವನು ತನ್ನ ಹೆಸರು, ತಾರೀಕು ಬರೆದ ಚೀಟಿಯೊಂದನ್ನು ಒಳಗಿಡಬೇಕು. ಮುಂದೆ ಹತ್ತು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ಯಾರಾದರೂ ಅದನ್ನು ಬಿಚ್ಚಿದರೆ, ಇದು ಯಾರ ಕೈಕೆಲಸ ಎಂದು ತಿಳಿಯಬೇಕು. "ಮಾಡಿದವ ಸುಳ್ಳು ಹೇಳಬಹುದು, ಜಾಯಿಂಟು ಹೇಳೂದಿಲ್ಲ" ಎಂದು ನನಗೆ ಮೊದಲ ದಿನವೇ ಹೇಳಿದ್ದರು.

ನಾನು ಬನವಾಸಿ ಕಡೆಯವನು, ಅಂಗಡಿಯವರ ಮನೆಯ ಹುಡುಗ. ಬೆಲ್ಲ, ಬೇಳೆ ತೂಗಲು ಮನಸ್ಸಿಲ್ಲದೆ ಪರೀಕ್ಷೆ ಬರೆದು ದೂರವಾಣಿ ಇಲಾಖೆಗೆ ಸೇರಿದೆ. ಆಗ ನನಗೆ ಇಪ್ಪತ್ತನಾಲ್ಕು, ಜಾಯಿಂಟರಣ್ಣನಿಗೆ ನಲವತ್ತರ ಆಚೆ. ನೌಕರಿ ಕಾಯಂ ಆಗಲು ಎರಡು ವರ್ಷ ಅವರ ಕೈಕೆಳಗೆ ಕಲಿಯಬೇಕಿತ್ತು. ಸೇರುವಾಗ ನೋಡಿದ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿ, ಕಣ್ಣು ಚೊಕ್ಕ ಇದೆ ಎಂದು ಬರೆದುಕೊಟ್ಟಿದ್ದರು. ಅದು ನಿಜವೇ. ನನಗೆ ದೂರದ್ದು, ಹತ್ತಿರದ್ದು ಎಲ್ಲ ಕಾಣುತ್ತದೆ. ಹಸಿರಿಗೂ ಕಂದಿಗೂ ನಡುವೆ ಬೇಲಿ ಇಲ್ಲ, ಅಷ್ಟೆ. ಚಿಕ್ಕಂದಿನಲ್ಲಿ ಓರಗೆಯವರು ಮುರುಗಲ ಮರದ ಕೆಳಗೆ ನಿಂತು, 'ಅಗೋ ಅಲ್ಲಿ ಕೆಂಪಗೆ' ಎಂದು ಹಣ್ಣಿಗೆ ಕಲ್ಲು ಬೀರುವಾಗ, ನಾನು ಎಲೆಗಳನ್ನೇ ನೋಡುತ್ತಿದ್ದೆ. ಅವರೆಲ್ಲ ನನಗಿಂತ ಚುರುಕು ಎಂದು ತಿಳಿದಿದ್ದೆ. ಕಣ್ಣಿನಲ್ಲಿ ಏನೋ ಕಡಿಮೆ ಇದ್ದೀತು ಎಂದು ಹೊಳೆದಿರಲಿಲ್ಲ.

ಕೇಬಲ್ಲಿನಲ್ಲಿ ಎಲ್ಲವೂ ಬಣ್ಣದ ಮೇಲೆಯೇ ನಿಂತಿದೆ. ಒಂದೊಂದು ಮನೆಗೆ ಒಂದೊಂದು ಜೋಡಿ ತಂತಿ. ಬಿಳಿಯ ಜತೆ ಹಸಿರು ಒಂದು ಮನೆಯದು, ಬಿಳಿಯ ಜತೆ ಕಂದು ಪಕ್ಕದ ಮನೆಯದು. ಈ ಕಡೆಯ ಹಸಿರನ್ನು ಆ ಕಡೆಯ ಹಸಿರಿಗೇ ಕೂಡಿಸಬೇಕು. ಕಲಿಯುವಾಗೆಲ್ಲ ಜಾಯಿಂಟರಣ್ಣ ತಂತಿಗಳನ್ನು ಬಿಡಿಸಿ ಸಾಲಾಗಿ ಕೈಗಿಡುತ್ತಿದ್ದರು, ನಾನು ಸುತ್ತುತ್ತಿದ್ದೆ. ಒಬ್ಬನೇ ಬಿಡಿಸಿ ಕೂಡಿಸುವ ಪ್ರಸಂಗ ಬಂದದ್ದು ತ್ಯಾಗಲಿಯಲ್ಲಿ.

ಸಿದ್ದಾಪುರದ ಆ ಕಡೆ ರಸ್ತೆ ಅಗಲ ಮಾಡುವ ಯಂತ್ರ ಎರಡು ಕಡೆ ಕೇಬಲ್ ಹರಿದು ಹಾಕಿತ್ತು. ಜಾಯಿಂಟರಣ್ಣ ಒಂದು ಗುಂಡಿಯಲ್ಲಿ ಇಳಿದರು. ಎರಡು ಹರದಾರಿ ಆಚೆಯ ಇನ್ನೊಂದು ಗುಂಡಿ ನನ್ನ ಪಾಲಿಗೆ. "ನಿಧಾನ ಮಾಡು ತಮ್ಮ, ಅವಸರ ಬ್ಯಾಡ" ಎಂದು ಹೇಳಿ ಹೋದರು. ನಾನು ನಿಧಾನವಾಗಿಯೇ ಮಾಡಿದೆ, ಹೆಮ್ಮೆಯಿಂದ ಮಾಡಿದೆ. ಚೀಟಿಯಲ್ಲಿ ನನ್ನ ಹೆಸರನ್ನು ಚಂದಾಗಿ ಬರೆದು ಒಳಗಿಟ್ಟು ಮುಚ್ಚಿದೆ. ಸಂಜೆ ಎಲ್ಲ ಮನೆಯ ಫೋನಿನಲ್ಲೂ ಸ್ವರ ಬರುತ್ತಿತ್ತು. ಇನ್ನೇನು ಬೇಕು ಎಂದುಕೊಂಡು ಶಿರಸಿಗೆ ಮರಳಿದೆವು.

ಆದದ್ದು ಇಷ್ಟು. ಒಂದು ಕಡೆ ನಾನು ಹಸಿರು, ಕಂದು ಅದಲುಬದಲು ಮಾಡಿದ್ದೆ. ಇವರ ಮನೆಗೆ ಬರುವ ಕರೆ ಪಕ್ಕದವರಿಗೆ, ಅವರದು ಇವರಿಗೆ. ಎರಡೂ ಮನೆಯಲ್ಲಿ ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿದ್ದರು. ಅದಕ್ಕೆ ಹಿಂದಿನ ಹದಿನೈದು ದಿನದಲ್ಲಿ ಎರಡೂ ಕಡೆ ಗಂಡಿನವರು ಬಂದು ನೋಡಿಹೋಗಿದ್ದರು. ನಾನು ಕೂಡಿಸಿದ ಮರುದಿನ ಒಂದು ಮನೆಗೆ ಬರಬೇಕಾದ ಕರೆ ಇನ್ನೊಂದರಲ್ಲಿ ಗಂಟೆ ಬಾರಿಸಿತು. ಮಾತಾಡಿದವರು ಕಿವಿ ಕೇಳದ ಒಬ್ಬ ಅಜ್ಜ. "ಕೂಸು ಒಪ್ಪಿಗೆ ಆತು, ಮುಂದಿನ ಮಾತಿಗೆ ಬತ್ಯ" ಎಂದು ಕೂಗಿ, ಈಚೆಯ ಮಾತು ಕೇಳಿಸದೆ ಇಟ್ಟುಬಿಟ್ಟರಂತೆ. ಆ ಮನೆಯಲ್ಲಿ ಪಾಯಸ ಮಾಡಿದರು. ಎರಡು ದಿನ ಆ ಹುಡುಗಿ ನಗುನಗುತ್ತಾ ಓಡಾಡಿದಳು. ಮೂರನೆಯ ದಿನ, ಮದುವೆಯ ಮುಹೂರ್ತ ಗೊತ್ತು ಮಾಡಲೆಂದು ಅವಳ ಅಪ್ಪ ತಾವು ಅಂದುಕೊಂಡಿದ್ದ ಗಂಡಿನವರಿಗೆ ಸುದ್ದಿ ಕಳಿಸಿದಾಗ, ನಾವು ಇನ್ನೂ ಏನೂ ಹೇಳಿಲ್ಲವಲ್ಲ ಎಂದರು ಅವರು.

ಕೋಪ ಬರುವುದೇ. ಕರೆ ಪಕ್ಕದ ಮನೆಯದೆಂದು ತಿಳಿದು ಅವಳಪ್ಪ ಮೇಲಧಿಕಾರಿಗೆ ಪತ್ರ ಬರೆದರು. ಪತ್ರ ಬಂದ ಬೆಳಿಗ್ಗೆ ಜಾಯಿಂಟರಣ್ಣ ನನ್ನನ್ನು ಕಚೇರಿಯ ಹಿಂದೆ ಕರೆದು, ಅಂಗೈಯಲ್ಲಿ ಎರಡು ತುಂಡು ತಂತಿ ಇಟ್ಟು ಕೇಳಿದರು.

"ಹಸಿರು ಯಾವ್ದು?"

ನಾನು ತೋರಿಸಿದೆ. ಅವರು ಇನ್ನೆರಡು ತುಂಡು ಇಟ್ಟರು. ಅದನ್ನೂ ತೋರಿಸಿದೆ. ಆಮೇಲೆ ನನ್ನ ಮುಖವನ್ನು ಸುಮಾರು ಹೊತ್ತು ನೋಡಿದರು. ನನಗೆ ಮುರುಗಲ ಮರ, ಓರಗೆಯವರ ನಗು, ಎಲ್ಲ ಒಟ್ಟಿಗೆ ಅರ್ಥವಾಯಿತು.

"ಅಣ್ಣಾರ, ನನ್ನ ನೌಕರಿ ಹೋತ್ರಿ" ಎಂದೆ.

"ಕಾಯಂ ಆಗಿಲ್ಲ ಅಲ್ದಾ ನಿಂದು" ಎಂದರು. "ಯಾರಿಗೂ ಹೇಳ್ಬ್ಯಾಡ. ನಾ ಬತ್ತೆ ತಡಿ."

ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ಹೋದರು. ಒಬ್ಬರೇ ತ್ಯಾಗಲಿಗೆ ಹೋಗಿ, ನನ್ನ ಜಾಯಿಂಟನ್ನು ಬಿಚ್ಚಿ, ಸರಿಮಾಡಿ, ನನ್ನ ಚೀಟಿ ತೆಗೆದು ಅದೇ ತಾರೀಕಿನ ತಮ್ಮ ಚೀಟಿ ಇಟ್ಟು ಮುಚ್ಚಿದರು. ಜಾಯಿಂಟು ಸುಳ್ಳು ಹೇಳುವುದಿಲ್ಲ ಎಂದವರು ಅದರ ಬಾಯಲ್ಲಿ ಸುಳ್ಳಿಟ್ಟು ಬಂದರು. ನನ್ನ ಚೀಟಿ ಏನಾಯಿತು ಎಂದು ಕೇಳಿದ್ದಕ್ಕೆ, "ಕವಳದ ಸಂಗ್ತಿಗೆ ಜಗ್ದೆ" ಎಂದರು. ಎಲೆಯಡಿಕೆಯ ಜತೆಗೆ ನನ್ನ ಹೆಸರನ್ನೂ ನುಂಗಿದ್ದರು.

ಅಲ್ಲಿಂದ ನೇರ ಆ ಹುಡುಗಿಯ ಮನೆಗೆ ಹೋಗಿ ತಪ್ಪಾಯಿತು ಎಂದು ಕೈಮುಗಿದರಂತೆ. ಅವಳ ಅಮ್ಮ ಬೈಯಲಿಲ್ಲವಂತೆ. "ನಿಂಗ್ಳ ತಂತಿ ತಪ್ಪಿರೆ ಮತ್ತೆ ಕೂಡ್ಸಲಕ್ಕು. ಕೂಸಿಗೆ ಆನು ಎಂತ ಹೇಳವು?" ಎಂದು ಕೇಳಿದರಂತೆ, ಅಷ್ಟೆ. ಇದನ್ನು ನನಗೆ ಹೇಳುವಾಗ ಜಾಯಿಂಟರಣ್ಣ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು.

ವಿಚಾರಣೆಯಲ್ಲಿ ಜಾಯಿಂಟು ಬಿಚ್ಚಿಸಿದರು, ಚೀಟಿ ಸಿಕ್ಕಿತು. ಇಷ್ಟು ವರ್ಷದ ಅನುಭವವಿದ್ದೂ ಈ ಬೇಜವಾಬ್ದಾರಿ ಎಂದು ಮೆಮೊ ಕೊಟ್ಟು, ಯಲ್ಲಾಪುರಕ್ಕೆ ವರ್ಗ ಮಾಡಿದರು. ಹೊರಡುವ ಮುಂಚಿನ ಭಾನುವಾರ ನನ್ನನ್ನು ಹುಲಗೋಳದ ಮನೆಗೆ ಕರೆಸಿಕೊಂಡರು. ಅಂಗಳದಲ್ಲಿ ಗೋಣಿ ಹಾಸಿ ಕೂರಿಸಿ, ಕಣ್ಣಿಗೆ ಪಂಚೆಯ ತುಂಡು ಕಟ್ಟಿ, ಕೈಗೆ ತಂತಿಯ ಜೋಡಿಗಳನ್ನು ಕೊಟ್ಟರು. ಜೋಡಿಯ ಎರಡು ತಂತಿ ಒಂದಕ್ಕೊಂದು ಹೆಣೆದಿರುತ್ತವೆ. ಎಲ್ಲದರ ಹೆಣಿಗೆ ಒಂದೇ ಅಳತೆಯದಲ್ಲ. ಹಸಿರಿನದು ಬಿಗಿ, ಕಂದಿನದು ಸ್ವಲ್ಪ ಸಡಿಲ. ಹೆಬ್ಬೆರಳು, ತೋರುಬೆರಳ ನಡುವೆ ಹೊರಳಿಸಿದರೆ ಗೊತ್ತಾಗುತ್ತದೆ. ಮೊದಮೊದಲು ಏನೂ ಗೊತ್ತಾಗಲಿಲ್ಲ. ಅವರ ಹೆಂಡತಿ ಎರಡು ಸಲ ಚಹಾ ತಂದಿಟ್ಟರು, ಎರಡು ಸಲವೂ ಆರಿತು. ಮಧ್ಯಾಹ್ನ ದಾಟಿದ ಮೇಲೆ ಒಂದು ಹೊತ್ತಿನಲ್ಲಿ ಬೆರಳ ತುದಿಗೆ ವ್ಯತ್ಯಾಸ ತಟ್ಟಿತು. ಅದು ಕನಸಿನಲ್ಲಿ ಯಾರೋ ಮುಟ್ಟಿದ ಹಾಗಿತ್ತು. ಹಸಿರು ಎಂದೆ. ಹೌದು ಎಂದರು. ಕಾಪಿ, ಅಂದರೆ ಕಂದು, ಎಂದೆ. ಹೌದು. ಅಂದಿನಿಂದ ನಿವೃತ್ತಿಯವರೆಗೆ ನನ್ನ ಬಣ್ಣಗಳೆಲ್ಲ ಬೆರಳಿನಲ್ಲೇ ಇದ್ದವು.

ಯಲ್ಲಾಪುರದಲ್ಲಿ ಅವರು ಎರಡು ವರ್ಷ ಇದ್ದರು. ಮಾಗೋಡು ಜಲಪಾತದ ಸುತ್ತಲಿನ ಮನೆಗಳಿಗೆ ಲೈನು ಎಳೆಯುವ ಕೆಲಸ. ಆಗಾಗ ಅಲ್ಲಿಯ ಯಾವುದಾದರೂ ಮನೆಯ ಲೈನಿಗೆ ಪರೀಕ್ಷೆಯ ಫೋನು ಸಿಕ್ಕಿಸಿ ಶಿರಸಿಯ ನನ್ನ ಮೇಜಿಗೆ ಕರೆ ಮಾಡುವರು. "ಸುಮ್ನೆ ಕೇಳು" ಎಂದು ಹೇಳಿ, ಫೋನನ್ನು ಜಲಪಾತದ ಕಡೆಗೆ ಹಿಡಿದು ನಿಲ್ಲುವರು. ನನಗೆ ಕೇಳುತ್ತಿದ್ದದ್ದು 'ಸುಯ್' ಎಂಬ ಸದ್ದು. ನೀರಿನದೋ, ತಂತಿಯದೋ ಹೇಳುವ ಹಾಗಿರಲಿಲ್ಲ.

"ಕೇಳ್ತದಾ? ಬೇಡ್ತಿ ಹೊಳೆ ಅದು."

"ಕೇಳಾಕತ್ತೈತ್ರಿ ಅಣ್ಣಾರ" ಎನ್ನುತ್ತಿದ್ದೆ. ಕಣ್ಣು ಮುಚ್ಚಿಕೊಂಡರೆ ನಿಜಕ್ಕೂ ಕೇಳಿದ ಹಾಗಾಗುತ್ತಿತ್ತು. ಆ ಕಡೆ ಅವರೊಬ್ಬರೇ ಇಳಿಜಾರಿನಲ್ಲಿ ಕೈಚಾಚಿ ನಿಂತಿರುವುದನ್ನು ನೆನೆಸಿಕೊಂಡು, ಬಹಳ ಹೊತ್ತು ಇಡುತ್ತಿರಲಿಲ್ಲ.

ಅವರು ಹೊರಟಾಗ ಅವರ ಕಿರಿಮಗಳು ತೊಟ್ಟಿಲಲ್ಲಿದ್ದಳು. ನಡುವೆ ಬಂದುಹೋಗುವುದು ತಿಂಗಳಿಗೊಮ್ಮೆ. ಎರಡು ವರ್ಷ ಕಳೆದು ಮರಳಿ ಬಂದಾಗ ಆ ಮಗು ಅಪ್ಪನನ್ನು ಕಂಡು ಅಡುಗೆಮನೆಗೆ ಓಡಿ ಅಮ್ಮನ ಸೀರೆಯ ಮರೆಯಲ್ಲಿ ನಿಂತಿತು. "ಬಿಲ್ಲು ಕಟ್ಸಲೆ ಬಂದವ ಅಂತ ಮಾಡಿರ್ಬೇಕು" ಎಂದು ಜಾಯಿಂಟರಣ್ಣ ಕಚೇರಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ.

ಅಷ್ಟರಲ್ಲಿ ನನ್ನ ನೌಕರಿ ಕಾಯಂ ಆಗಿತ್ತು. ಆಗ ಹೇಳಬಹುದಿತ್ತು. ಹೇಳಲಿಲ್ಲ. ಬಡ್ತಿ ಬಂತು, ಆಮೇಲೆ ಹೇಳೋಣ ಎಂದುಕೊಂಡೆ. ಮದುವೆಯಾಯಿತು. ಹೆಂಡತಿಗೆ ಬಣ್ಣದ ವಿಷಯ ಗೊತ್ತಾಯಿತು, ನನ್ನನ್ನು ಸೀರೆಯಂಗಡಿಗೆ ಕರೆದೊಯ್ಯುವುದನ್ನು ಬಿಟ್ಟಳು, ಆದರೆ ತ್ಯಾಗಲಿಯದು ಅವಳಿಗೂ ಗೊತ್ತಿಲ್ಲ. ಇನ್ನೂ ಒಂದು ಇದೆ, ಅದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಮುಂದೆ ಹೊಸಬರಿಗೆ ಕೇಬಲ್ ಕೆಲಸ ಕಲಿಸುವ ಹೊಣೆ ನನಗೆ ಬಂತು. ಪ್ರತಿ ತಂಡಕ್ಕೂ ನಾನು ತ್ಯಾಗಲಿಯ ಕತೆ ಹೇಳುತ್ತಿದ್ದೆ. ಮೂರು ತಾಲೂಕಿಗೆ ಹೆಸರಾದ ಜಾಯಿಂಟರ್ ಒಬ್ಬರು ಒಮ್ಮೆ ಹಸಿರು, ಕಂದು ತಪ್ಪಿಸಿ ಬೇರೆ ಮನೆಯಲ್ಲಿ ಪಾಯಸ ಮಾಡಿಸಿದರು, ಅಂಥವರದೇ ಕೈ ತಪ್ಪುತ್ತದೆ, ನೀವು ಹುಷಾರಾಗಿರಿ ಎಂದು. ಕ್ಲಾಸು ನಗುತ್ತಿತ್ತು. ಹೇಳಿ ಹೇಳಿ ಆ ಕತೆ ನನ್ನ ಬಾಯಲ್ಲಿ ಎಷ್ಟು ನಯವಾಯಿತೆಂದರೆ, ನಡುನಡುವೆ ನನಗೇ ಅದು ನಿಜ ಅನಿಸುತ್ತಿತ್ತು.

ಜಾಯಿಂಟರಣ್ಣನ ನಿವೃತ್ತಿಯ ದಿನ ಹಾರ ಹಾಕಿದವರಲ್ಲಿ ಒಬ್ಬರು ಭಾಷಣದಲ್ಲಿ ಅದೇ ಕತೆ ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಜಾಯಿಂಟರಣ್ಣ ತಲೆ ತಗ್ಗಿಸಿ ನಕ್ಕರು. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಆಮೇಲಿನ ವರ್ಷಗಳು ಬೇಗ ಹೋದವು. ಎಲ್ಲರ ಕೈಗೂ ಮೊಬೈಲ್ ಬಂತು, ಮನೆಯ ಫೋನುಗಳು ಮೇಜಿನ ಮೇಲೆ ಕ್ರೋಶಾ ಬಟ್ಟೆ ಹೊದ್ದು ಕೂತವು, ಆಮೇಲೆ ಅವೂ ಇಲ್ಲವಾದವು. ತಾಮ್ರದ ಬದಲು ಗಾಜಿನ ಎಳೆ ಬಂತು. ಅದನ್ನು ಕೂಡಿಸಲು ಹಲ್ಲು ಬೇಡ, ಬೆರಳೂ ಬೇಡ, ಒಂದು ಸಣ್ಣ ಯಂತ್ರ ಸಾಕು. ನಾನು ಸ್ವಯಂನಿವೃತ್ತಿ ತೆಗೆದುಕೊಂಡೆ. ಮೊದಲ ತಿಂಗಳು ಬೆಳಿಗ್ಗೆ ಎಂಟಕ್ಕೆ ಅಂಗಿ ಇಸ್ತ್ರಿ ಮಾಡಿಕೊಂಡು ಕೂರುತ್ತಿದ್ದೆ. ಹೆಂಡತಿ ಎಲ್ಲಿಗೆ ಎಂದು ಕೇಳಿದರೆ ಅಂಗಿ ಬಿಚ್ಚಿ ಮೊಳೆಗೆ ಹಾಕುತ್ತಿದ್ದೆ. ಮಧ್ಯಾಹ್ನ ಒರಗಿದರೆ ಕಿವಿಯೊಳಗೆ ಹಳೆಯ ಎಕ್ಸ್‌ಚೇಂಜಿನ ಗುಂಯ್ ಕೇಳುತ್ತಿತ್ತು. ಕಲಿತ ವಿದ್ಯೆಯೆಲ್ಲ ಕಣ್ಣೆದುರೇ ಗುಜರಿಗೆ ಹೋದಮೇಲೆ ಮನುಷ್ಯ ಉಳಿದ ಹಗಲುಗಳನ್ನು ಏನು ಮಾಡಬೇಕು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರೊಬ್ಬರು ಹುಲಗೋಳದಲ್ಲಿದ್ದಾರೆ ಎಂದು ಒಂದು ಮಂಗಳವಾರ ಸ್ಕೂಟರ್ ಹತ್ತಿದೆ.

ಅವರು ಮನೆಯಲ್ಲಿರಲಿಲ್ಲ. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಕಿರಿಮಗಳು ಅದೇ ಊರಲ್ಲಿ ಮದುವೆಯಾಗಿ, ಅಪ್ಪನ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಅವರನ್ನು ನೋಡಿಕೊಳ್ಳುತ್ತಿದ್ದಳು. "ಕ್ರಾಸಿನ ಹತ್ರ ಇರ್ತಾರೆ, ಪೆಟ್ಟಿಗೆ ಪಕ್ಕ" ಎಂದಳು.

ಪೆಟ್ಟಿಗೆ ಎಂದರೆ ಕೇಬಲ್ಲುಗಳು ನೆಲದಿಂದೆದ್ದು ಮನೆಮನೆಗೆ ಕವಲೊಡೆಯುವ, ರಸ್ತೆ ಬದಿಯ ಕಬ್ಬಿಣದ ಕಪಾಟು. ಅದರಲ್ಲಿ ಕರೆ ಹರಿದು ಎಷ್ಟೋ ಕಾಲವಾಗಿತ್ತು. ಜಾಯಿಂಟರಣ್ಣ ಅದರ ಬಾಗಿಲು ತೆಗೆದುಕೊಂಡು, ಗೋಣಿಯ ಮೇಲೆ ಕೂತು, ಒಳಗಿನ ತಂತಿಗಳನ್ನು ಬಾಚಣಿಗೆಯಲ್ಲಿ ಬಾಚಿದ ಹಾಗೆ ಸಾಲು ಮಾಡುತ್ತಿದ್ದರು. ಇರುವೆ ಗೂಡು ತೆಗೆದಿದ್ದರು, ತುಕ್ಕಿಗೆ ಎಣ್ಣೆ ಹಚ್ಚಿದ್ದರು. ಪರೀಕ್ಷೆಯ ಫೋನು ಕಿವಿಯಲ್ಲಿತ್ತು.

"ಏನ್ ಕೇಳಾಕತ್ತೀರಿ ಅಣ್ಣಾರ?"

"ಬಾ ತಮ್ಮ, ಕೂತ್ಕ. ಏನೂ ಇಲ್ಲ. ಏನೂ ಇಲ್ದೇ ಇರದ್ರಲ್ಲೂ ತರಾವರಿ ಅದೆ. ನೀರು ಹೊಕ್ಕ ಲೈನಿಂದು ಬೇರೆ ನಮೂನಿ, ಕಡ್ದು ಹೋದದ್ದು ಬೇರೆ ನಮೂನಿ, ಆ ಬದಿಗೆ ಯಾರೂ ಇಲ್ಲದ್ದ್ರದ್ದು ಮತ್ತೊಂದು."

ಫೋನು ನನ್ನ ಕಿವಿಗೆ ಕೊಟ್ಟರು. ನನಗೆ ಮೂರೂ ಒಂದೇ. ಆದರೆ ಗಾಳಿ ಬೀಸುತ್ತಿತ್ತು, ರಸ್ತೆಯಾಚೆ ಎಮ್ಮೆಯೊಂದು ನಿಂತಲ್ಲೇ ನಿದ್ದೆ ಮಾಡುತ್ತಿತ್ತು, ಸತ್ತ ತಂತಿಗಳ ನಡುವೆ ಇಬ್ಬರೂ ಸುಮ್ಮನೆ ಕೂತೆವು. ಬಹಳ ದಿನದ ಮೇಲೆ ನನ್ನ ಕಿವಿಯ ಗುಂಯ್ ನಿಂತಿತ್ತು. ಇದನ್ನೆಲ್ಲ ಯಾಕೆ ಮಾಡುತ್ತೀರಿ, ಯಾರಿಗೆ ಬೇಕು ಎಂದು ಕೇಳಿದೆ. "ಯಾರಿಗೂ ಬ್ಯಾಡ" ಎಂದರು, ಆರಾಮಾಗಿ. "ಮೊದ್ಲು ಅವರ ಸಲುವಾಗಿ ಮಾಡ್ತಿದ್ದೆ, ಗಡಿಬಿಡಿ. ಈಗ ಗಡಿಬಿಡಿ ಇಲ್ಲ. ಚಂದ ಮಾಡಲೆ ಆಗ್ತದೆ."

ಅಲ್ಲಿಂದ ಪ್ರತಿ ಮಂಗಳವಾರ ಹೋದೆ. ಅವರು ಸಾಲು ಮಾಡುವುದು, ನಾನು ಕಟ್ಟುವುದು. ಒಂದೊಂದು ಜೋಡಿ ಮುಟ್ಟಿದಾಗಲೂ ಅದು ಯಾವ ಮನೆಯದು, ಆ ಮನೆಯ ನಾಯಿ ಎಂಥದ್ದು, ಚಹಾಕ್ಕೆ ಎಷ್ಟು ಸಕ್ಕರೆ ಹಾಕುತ್ತಿದ್ದರು ಎಂದು ಹೇಳುವರು. ಕೆಲವು ಮನೆಗಳೇ ಈಗಿಲ್ಲ. ಅವರ ಮಾತಿನಲ್ಲಿ ಅಲ್ಲಿ ಇನ್ನೂ ಗಂಟೆ ಬಾರಿಸುತ್ತಿತ್ತು, ಯಾರೋ ಒದ್ದೆ ಕೈ ಒರೆಸಿಕೊಂಡು ಓಡಿ ಬರುತ್ತಿದ್ದರು. ನನ್ನ ನಿವೃತ್ತಿಯ ಒಳ್ಳೆಯ ದಿನಗಳೆಂದರೆ ಆ ಮಂಗಳವಾರಗಳೇ. ತ್ಯಾಗಲಿಯ ಮಾತು ಮಾತ್ರ ನಾವಿಬ್ಬರೂ ಎತ್ತಲಿಲ್ಲ. ಇವತ್ತು ಕೇಳಿಬಿಡೋಣ, ಎಲ್ಲರಿಗೂ ಹೇಳಿಬಿಡಲಾ ಎಂದು ಪ್ರತಿ ಸಲ ಸ್ಕೂಟರಿನ ಮೇಲೆ ಅಂದುಕೊಂಡು ಹೋಗುತ್ತಿದ್ದೆ. ಈಗ ನನ್ನ ನೌಕರಿ ಹೋಗುವ ಭಯವಿರಲಿಲ್ಲ. ಮರ್ಯಾದೆ ಹೋಗುವ ಭಯವಿತ್ತು, ಅದು ನೌಕರಿಗಿಂತ ದೊಡ್ಡದು ಎಂದು ಆಗ ತಿಳಿಯಿತು.

ಕಳೆದ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಕ್ರಾಸಿಗೆ ಬರುವುದು ನಿಂತಿತು. ನೆನಪು ಕಲಸತೊಡಗಿತ್ತು. ಮಗಳನ್ನು ಹೆಂಡತಿಯ ಹೆಸರಿನಿಂದ ಕರೆಯುವರು. ಊಟ ಆದದ್ದು ಮರೆಯುವರು. ನನ್ನ ಗುರುತು ಮಾತ್ರ ಇತ್ತು. ಒಂದು ಮಂಗಳವಾರ ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದಾಗ ತಾವಾಗಿಯೇ ಶುರುಮಾಡಿದರು.

"ತ್ಯಾಗಲಿದು ಒಂದು ಆಗ್ಬಾರ್ದಾಗಿತ್ತು ತಮ್ಮ."

"ಯಾವುದ್ರಿ?" ಗೊತ್ತಿದ್ದೂ ಕೇಳಿದೆ.

"ಆ ಕೂಸಿಂದು. ಎರಡು ದಿನ ನಕ್ಕಂಡು ಓಡಾಡಿತ್ತಂತೆ. ನಂಗೆ ಆವತ್ತು ಎಂತ ಆಗಿತ್ತೋ ಗೊತ್ತಿಲ್ಲ. ಹಸಿರು ಯಾವ್ದು, ಕಾಪಿ ಯಾವ್ದು ತಿಳೀಲೇ ಇಲ್ಲ ನೋಡು. ಕೈಗೆ ಬಂದದ್ದು ಕೂಡ್ಸಿಬಿಟ್ಟೆ." ಅವರ ಕಣ್ಣು ತುಂಬಿತ್ತು. "ಅಷ್ಟು ವರ್ಷ ಮಾಡ್ದೆ. ಆವತ್ತೊಂದು ದಿನ ಕೈ ತಪ್ತು."

ನನ್ನನ್ನು ಉಳಿಸಲು ಹೇಳಿದ ಸುಳ್ಳು ಎಲ್ಲರ ಬಾಯಲ್ಲಿ, ಮುಖ್ಯವಾಗಿ ನನ್ನ ಬಾಯಲ್ಲಿ, ಸುತ್ತಿ ಸುತ್ತಿ ಅವರ ಒಳಗೇ ಹೋಗಿ ಕೂತಿತ್ತು. ಉಳಿದದ್ದೆಲ್ಲ ಮರೆತು, ಮಾಡದ ತಪ್ಪೊಂದನ್ನು ಅವರು ನೆನಪಿಟ್ಟುಕೊಂಡಿದ್ದರು.

"ಅಣ್ಣಾರ, ಅದು ನೀವಲ್ರಿ" ಎಂದೆ. "ನಾನು. ಆ ಗುಂಡಿಯೊಳಗ ಇದ್ದಾಂವ ನಾನು. ನಂಗ ಬಣ್ಣ ಕಾಣಂಗಿಲ್ಲ, ನಿಮಗ ಗೊತ್ತೈತಲ್ರಿ. ನೀವು ಚೀಟಿ ಬದಲ್ ಮಾಡಿದ್ರಿ. ನನ್ನ ಸಲುವಾಗಿ ಯಲ್ಲಾಪುರಕ್ಕ ಹೋದ್ರಿ."

ಅವರ ಹಣೆಯ ಗೆರೆಗಳು ಕೂಡಿದವು. ಎಲ್ಲೋ ದೂರದಿಂದ ಏನೋ ಬರುತ್ತಿದೆ, ಕೇಳಿಸಿಕೊಳ್ಳುತ್ತಿದ್ದಾರೆ ಎನಿಸಿತು. ಬಂತು, ಸಿಕ್ಕಿತು ಎಂದುಕೊಂಡೆ. ಅವರು ನಿಧಾನವಾಗಿ ನಕ್ಕು, ನನ್ನ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದರು.

"ನಿಂಗೆ ನನ್ನ ಮೇಲೆ ಪ್ರೀತಿ, ಅದ್ಕೆ ಹಂಗೆ ಹೇಳ್ತೆ" ಎಂದರು. "ಬ್ಯಾಡ. ನನ್ನ ತಪ್ಪು ನೀ ಹೊರದು ಬ್ಯಾಡ ತಮ್ಮ. ನಿಂದಿನ್ನೂ ನೌಕರಿ ಕಾಯಂ ಆಗಿಲ್ಲ."

ನಾನು ಇನ್ನೊಮ್ಮೆ ಹೇಳಿದೆ. ಮತ್ತೊಮ್ಮೆ ಹೇಳಿದೆ. ಅವರು ತಲೆಯಾಡಿಸುತ್ತಲೇ ಇದ್ದರು, ಹಠ ಮಾಡುವ ಮಗುವನ್ನು ಸಮಾಧಾನ ಮಾಡುವವರ ಹಾಗೆ. ನನ್ನ ಹತ್ತಿರ ತೋರಿಸಲು ಒಂದು ಚೂರು ಕಾಗದವೂ ಇರಲಿಲ್ಲ. ಇದ್ದದ್ದನ್ನು ಅವರೇ ಜಗಿದು ನುಂಗಿದ್ದರು. ಬಾಗಿಲಲ್ಲಿ ಮಗಳು ಚಹಾ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಲೋಟ ಇಟ್ಟು ಒಳಗೆ ಹೋದಳು.

ಅದಾಗಿ ಮೂರು ವಾರಕ್ಕೆ, ಬೆಳಿಗ್ಗೆ ಎದ್ದು ಮುಖ ತೊಳೆದು ಕೂತವರು, ಹಾಗೇ ಗೋಡೆಗೆ ಒರಗಿ ಹೋಗಿಬಿಟ್ಟರು.

ಹನ್ನೆರಡನೆಯ ದಿನದ ಊಟಕ್ಕೆ ಹೋಗಿದ್ದೆ. ಮೂರು ತಾಲೂಕಿನ ಜನ ಬಂದಿದ್ದರು. ಪಂಕ್ತಿಯಲ್ಲಿ ಯಾರೋ ತ್ಯಾಗಲಿಯ ಕತೆ ತೆಗೆದರು, ಅದೇ ಪಾಯಸ, ಅದೇ ಅಜ್ಜ. ಎಲೆಯ ಮುಂದೆ ಕೂತವರು ನಕ್ಕರು. ನಾನು ಅರ್ಧಕ್ಕೇ ಎದ್ದು ಕೈ ತೊಳೆದು ಅಂಗಳಕ್ಕೆ ಬಂದೆ. ಮಗಳು ಹಿಂದೆಯೇ ಬಂದಳು.

"ಆವತ್ತು ಅಪ್ಪಂಗೆ ಹೇಳಿದ್ರಲ್ಲ" ಎಂದಳು. "ಹೌದಾ ಅದು?"

"ಹೌದವಾ."

ಅವಳು ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಅಪ್ಪ ಯಲ್ಲಾಪುರದಿಂದ ಬಂದಾಗ ನಂಗೆ ಗುರುತೇ ಸಿಕ್ಕಿರ್ಲಿಲ್ಲವಂತೆ" ಎಂದಳು. ನಾನು ನೆಲ ನೋಡಿದೆ. ಆಮೇಲೆ ಅವಳು ಕೇಳಿದಳು, "ಹಂಗಾರೆ ಅಪ್ಪನ ಕೈ ಒಂದ್ಸಲನೂ ತಪ್ಪಿರ್ಲಿಲ್ಲ?"

"ಇಲ್ಲ."

"ಒಂದ್ಸಲನೂ?"

"ಒಮ್ಮೆನೂ ಇಲ್ಲವಾ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅದನ್ನ ಬರ್ದು ಕೊಡಿ" ಎಂದಳು. "ಅಪ್ಪ ಕಡೆವರೆಗೂ ಅದೊಂದನ್ನೇ ಹೇಳ್ಕಂಡು ಹೋದ."

ಬರೆದಿದ್ದೇನೆ. ತ್ಯಾಗಲಿಯ ಆ ಜಾಯಿಂಟು ಮಾಡಿದವನು ನಾನು. ಜಾಯಿಂಟರಣ್ಣನ ಕೈ ಯಾವತ್ತೂ ತಪ್ಪಿರಲಿಲ್ಲ.